ಮಾರುತಿ ಜಿಪ್ಸಿ ಮುಂದಿನ ಆಕ್ಸಲ್: ತಿರುವಿನಲ್ಲಿ ಟಕ್ ಟಕ್, ಎಡ ಚಕ್ರದಲ್ಲಿ ಗ್ರೀಸು, 55ರ ಮೇಲೆ ಸ್ಟೇರಿಂಗ್ ನಡುಕ

ಸಕಲೇಶಪುರದಿಂದ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಸಕಲೇಶಪುರದ ಹತ್ತಿರ. ಎಂಟು ತಿಂಗಳ ಹಿಂದೆ 2009ರ ಜಿಪ್ಸಿ ಕಿಂಗ್ ತೆಗೆದುಕೊಂಡೆ. ಮೀಟರಿನಲ್ಲಿ 1,12,000 ಕಿ.ಮೀ. ಇದೆ. ಕೈಯಲ್ಲಿ ತಿರುಗಿಸುವ ಫ್ರೀ ವೀಲ್ ಹಬ್ (ಮುಂದಿನ ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಸೇರಿಸುವ, ಬಿಡಿಸುವ ಬೀಗ) ಇದೆ. ಮಳೆಗಾಲ ಪೂರ್ತಿ ತೋಟದ ಕೆಲಸಕ್ಕೆ ಓಡಿದೆ. ದಿನಾ ಒಂದು ಹಳ್ಳ ದಾಟಬೇಕು, ನೀರು ಆಕ್ಸಲ್ ಮುಳುಗುವಷ್ಟು ಬರುತ್ತದೆ.

ಈಗ ಮೂರು ತೊಂದರೆ ಇದೆ.

ಒಂದು, ಫೋರ್ ವೀಲ್ ಹಾಕಿ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಏರು ಹತ್ತಿಸಿದರೆ ಮುಂದೆ ಟಕ್ ಟಕ್ ಎಂದು ಬಡಿಯುತ್ತದೆ. ಎರಡು, ಎಡ ಮುಂದಿನ ಚಕ್ರದ ಒಳಗಡೆ ಗುಂಡಗಿನ ಭಾಗ ಯಾವಾಗಲೂ ಒದ್ದೆ. ಕಪ್ಪು ಗ್ರೀಸು ಇಳಿದು ರಿಮ್ಮಿಗೂ ಹತ್ತಿದೆ. ಮೂರು, ಹಾಸನ ರಸ್ತೆಯಲ್ಲಿ 55 ದಾಟಿ ಯಾವುದಾದರೂ ಗುಂಡಿ ಹೊಡೆದರೆ ಸ್ಟೇರಿಂಗ್ ಜೋರಾಗಿ ಅಲ್ಲಾಡಲು ಶುರುವಾಗುತ್ತದೆ. 40ಕ್ಕೆ ಇಳಿಸುವ ತನಕ ನಿಲ್ಲುವುದಿಲ್ಲ. ಮೊನ್ನೆ ಮನೆಯವರು ಜೊತೆಗಿದ್ದರು, ತುಂಬಾ ಹೆದರಿದರು.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಹತ್ತು ನಿಮಿಷ ನೋಡಿ, ಎರಡೂ ಕಡೆ ಬರ್ಫೀಲ್ಡ್ ಜಾಯಿಂಟ್ (ಚಕ್ರ ತಿರುಗಿದಾಗಲೂ ಶಾಫ್ಟಿನ ಬಲ ದಾಟಿಸುವ ಕೀಲು), ಡಿಫರೆನ್ಷಿಯಲ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು), ಸ್ಟೇರಿಂಗ್ ಡ್ಯಾಂಪರ್ (ಏಟು ಹೀರುವ ಶಾಕ್) ಎಲ್ಲಾ ಹೊಸದು ಹಾಕಬೇಕು, ಇಲ್ಲದಿದ್ದರೆ ಇಡೀ ಆಕ್ಸಲ್ಲೇ ಹಳೇದು ಯಾವುದಾದರೂ ತಂದು ಕೂರಿಸೋಣ ಎಂದರು. ಅಷ್ಟೆಲ್ಲಾ ಬೇಕಾ? ಇನ್ನೊಂದು ವಿಷಯ. ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಸ್ಟೇರಿಂಗ್ ಬಿಗಿಯಾಗಿ ಗಾಡಿ ಹಿಡಿದ ಹಾಗಾಗುತ್ತದೆ. ಅದೂ ಇದಕ್ಕೆ ಸೇರಿದ್ದಾ?

ಮಡಿಕೇರಿಯಿಂದ

ನನ್ನ ಜಿಪ್ಸಿಗೂ ಇದೇ ನಡುಕ ಇತ್ತು. ಸ್ಟೇರಿಂಗ್ ಡ್ಯಾಂಪರ್ ಬದಲಿಸಿದೆ, ಅವತ್ತೇ ನಿಂತಿತು. ಮೊದಲು ಅದನ್ನೇ ಮಾಡಿ ನೋಡಿ ಸರ್. ಜಾಸ್ತಿ ಖರ್ಚಿಲ್ಲ, ಎರಡು ನಟ್ ಅಷ್ಟೇ.

ಮೂಡಿಗೆರೆಯಿಂದ

ಸಕಲೇಶಪುರದವರೇ, ದಯವಿಟ್ಟು ಇನ್ನೂ ಏನೂ ಬಿಚ್ಚಬೇಡಿ, ಏನೂ ಕೊಳ್ಳಬೇಡಿ. ನನ್ನ ಹತ್ತಿರ ಇಂಥ ಗಾಡಿ ಹತ್ತೊಂಬತ್ತು ವರ್ಷದಿಂದ ಇದೆ. ಮುಂದಿನ ಆಕ್ಸಲ್ ನಾನೇ ನಾಲ್ಕು ಸಲ ಬಿಚ್ಚಿ ಕಟ್ಟಿದ್ದೇನೆ. ಮೂರು ದೂರು ಇದ್ದ ಮಾತ್ರಕ್ಕೆ ಕಾರಣ ಒಂದೇ ಇರಬೇಕು ಅಂತೇನಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋಗಬಹುದು, ಆದರೆ ಯಾವುದರಿಂದ ಹೋಯಿತು ಎಂದು ಗೊತ್ತಾಗುವುದಿಲ್ಲ. ಆರು ತಿಂಗಳಿಗೆ ಮತ್ತೆ ಬಂದಾಗ ಇದೇ ಜಾಗದಲ್ಲಿ ನಿಲ್ಲುತ್ತೀರಿ.

ಕಣದ ವಿಷಯ ಮೊದಲು ಮುಗಿಸುತ್ತೇನೆ. ಅದು ದೋಷವಲ್ಲ. ಜಿಪ್ಸಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದರೆ ಎರಡೂ ಪ್ರೊಪೆಲರ್ ಶಾಫ್ಟ್ (ಆಕ್ಸಲಿಗೆ ಬಲ ಒಯ್ಯುವ ಉದ್ದನೆಯ ಶಾಫ್ಟ್) ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಓಡುತ್ತವೆ. ಕೆಸರಿನಲ್ಲಿ ಟೈರು ಸ್ವಲ್ಪ ಜಾರಿ ಸರಿಹೋಗುತ್ತದೆ, ಸಿಮೆಂಟಿನಲ್ಲಿ ಜಾರುವುದಿಲ್ಲ. ಹಾಗಾಗಿ ಹಿಡಿದ ಹಾಗಾಗುತ್ತದೆ. ಕಣದಲ್ಲಿ, ಡಾಂಬರಿನಲ್ಲಿ ಫೋರ್ ವೀಲ್ ಹಾಕಲೇಬೇಡಿ. ಜಾಯಿಂಟು, ಗೇರು ಎರಡಕ್ಕೂ ಸುಮ್ನೆ ಏಟು.

ಈಗ ಪರೀಕ್ಷೆ. ನಿಮ್ಮ ಗಾಡಿಯಲ್ಲಿರುವ ಅತ್ಯುತ್ತಮ ಸಾಧನ ಆ ಫ್ರೀ ವೀಲ್ ಹಬ್. ಅದನ್ನು ಪೆಟ್ರೋಲ್ ಉಳಿಸಲು ಕೊಟ್ಟದ್ದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಅದು ಡಾಕ್ಟರ ಸ್ಟೆತಾಸ್ಕೋಪ್ ಇದ್ದ ಹಾಗೆ. ಅದರಿಂದ ಆಕ್ಸಲನ್ನು ಬಿಚ್ಚದೆಯೇ ಮೂರು ತುಂಡು ಮಾಡಿ ನೋಡಬಹುದು.

ಎರಡೂ ಹಬ್ ಫ್ರೀ, ಲಿವರ್ 2ಎಚ್ (ಹಿಂದಿನ ಚಕ್ರಕ್ಕೆ ಮಾತ್ರ ಬಲ): ಈಗ ಮುಂದೆ ತಿರುಗುವುದು ಚಕ್ರ, ಹಬ್, ಬ್ರೇಕ್ ಡಿಸ್ಕ್ ಮಾತ್ರ. ಒಳಗಿನ ಶಾಫ್ಟು, ಜಾಯಿಂಟು, ಕ್ರೌನ್ ಪಿನಿಯನ್ (ಡಿಫರೆನ್ಷಿಯಲ್ ಗೇರು) ಎಲ್ಲಾ ಮಲಗಿರುತ್ತವೆ. ಈಗಲೂ ತೊಂದರೆ ಇದ್ದರೆ ಅದು ವೀಲ್ ಬೇರಿಂಗ್, ಕಿಂಗ್ ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಮೇಲಿನ, ಕೆಳಗಿನ ಪಿನ್), ಟೈ ರಾಡ್ (ಎರಡೂ ಚಕ್ರ ಜೋಡಿಸುವ ಸ್ಟೇರಿಂಗ್ ಸರಳು), ಬ್ರೇಕ್, ಟೈರು, ಈ ಕಡೆಯದು.

ಎರಡೂ ಹಬ್ ಲಾಕ್, ಲಿವರ್ ಇನ್ನೂ 2ಎಚ್: ಈಗ ಒಳಗಿನದೆಲ್ಲಾ ತಿರುಗುತ್ತದೆ, ಆದರೆ ಎಂಜಿನ್ನಿನ ಬಲ ಬರುವುದಿಲ್ಲ. ಈಗ ಹೊಸದಾಗಿ ಗುಂಯ್ ಶಬ್ದವೋ ನಡುಕವೋ ಬಂದರೆ ಡಿಫರೆನ್ಷಿಯಲ್ ಬೇರಿಂಗ್ ಅಥವಾ ಪ್ರೊಪೆಲರ್ ಶಾಫ್ಟಿನ ಕ್ರಾಸ್ (ಕೀಲು) ನೋಡಬೇಕು.

ಹಬ್ ಲಾಕ್, 4ಎಲ್ (ನಾಲ್ಕೂ ಚಕ್ರಕ್ಕೆ ಬಲ, ಲೋ ಗೇರು), ಕೆಸರು ಅಥವಾ ಸಡಿಲ ಮಣ್ಣಿನ ಮೇಲೆ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ನಡೆಯುವ ವೇಗಕ್ಕಿಂತ ನಿಧಾನ: ಈಗ ಎಲ್ಲದರ ಮೇಲೂ ಭಾರ. ಇಲ್ಲಿ ಮಾತ್ರ ಬರುವ ಶಬ್ದ ಭಾರ ಹೊರುವ ಭಾಗದ್ದು. ಒಬ್ಬರು ಗಾಡಿಯಿಂದ ನಾಲ್ಕಡಿ ದೂರದಲ್ಲಿ ಪಕ್ಕದಲ್ಲಿ ನಡೆಯಲಿ. ಟೈರಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಹಾಕಿ. ಚಕ್ರ ಒಂದು ಸುತ್ತು ಬರುವಾಗ ಎಷ್ಟು ಸಲ ಟಕ್ ಎನ್ನುತ್ತದೆ ಎಂದು ಎಣಿಸಲು ಹೇಳಿ. ಈ ಎಣಿಕೆ ಮುಖ್ಯ, ಬಿಡಬೇಡಿ. ರಿವರ್ಸಿನಲ್ಲೂ ಮಾಡಿ.

ಆಮೇಲೆ ಜಾಕಿ ಪರೀಕ್ಷೆ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಜಾಕಿಯ ಮೇಲೆ ಮಾತ್ರ ನಂಬಿಕೆ ಇಡಬೇಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಇರಲೇಬೇಕು. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಕಂಡರೆ, ಇನ್ನೊಬ್ಬರಿಗೆ ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಡಿಸ್ಕು ಕ್ಯಾಲಿಪರಿಗೆ ಕಚ್ಚಿಕೊಳ್ಳುತ್ತದೆ, ಕ್ಯಾಲಿಪರ್ ನಕಲಿಗೆ, ಅಂದರೆ ಕಿಂಗ್ ಪಿನ್ ಮೇಲೆ ತಿರುಗುವ ಚಕ್ರದ ಗೂಡಿಗೆ, ಕೂತಿದೆ. ಅಂದರೆ ಚಕ್ರ ಮತ್ತು ನಕಲ್ ಒಂದಾಗುತ್ತವೆ, ಮಧ್ಯದ ವೀಲ್ ಬೇರಿಂಗ್ ಲೆಕ್ಕದಿಂದ ಹೊರಗೆ ಹೋಗುತ್ತದೆ. ಆಟ ಮಾಯವಾದರೆ ಅದು ವೀಲ್ ಬೇರಿಂಗಿನದು. ಬ್ರೇಕ್ ಒತ್ತಿದರೂ ಆಟ ಉಳಿದರೆ ಕಿಂಗ್ ಪಿನ್ನಿನದು. ಆಮೇಲೆ ಎಡಬಲ ಹಿಡಿದು ಅಲ್ಲಾಡಿಸಿ, ಅದು ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಸರಳುಗಳ ಕೀಲು) ನೋಡಲು.

ಕೊನೆಗೆ ಎಣ್ಣೆ, ಗ್ರೀಸು ಎರಡನ್ನೂ ನೋಡಿ. ಡಿಫರೆನ್ಷಿಯಲ್ಲಿನ ಮೇಲಿನ, ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿ ಬೆರಳು ಹಾಕಿ. ಕೆಳಗಿನದು ಬೇಡ. ಯಾವತ್ತೂ ಮೇಲಿನದು ಬಿಚ್ಚಲು ಬರುತ್ತದೆ ಎಂದು ಖಾತ್ರಿಯಾದ ಮೇಲೇ ಕೆಳಗಿನದಕ್ಕೆ ಕೈ ಹಾಕಬೇಕು. ಇಲ್ಲದಿದ್ದರೆ ಎಣ್ಣೆ ಖಾಲಿ ಮಾಡಿ, ತುಂಬಲು ಆಗದೆ ಗಾಡಿ ಅಲ್ಲೇ ನಿಲ್ಲುತ್ತದೆ. ಎಡ ಚಕ್ರದ ಒಳಗೆ ಇಳಿಯುತ್ತಿರುವ ಗ್ರೀಸನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿ. ಗಟ್ಟಿ ಇದೆಯಾ, ನೀರಿನಂತೆ ಇದೆಯಾ, ಗಂಧಕದಂತೆ ವಾಸನೆ ಬರುತ್ತಾ, ಬಣ್ಣ ಏನು, ಎಲ್ಲಾ ಬರೆಯಿರಿ.

ಮಡಿಕೇರಿಯವರೇ, ನಿಮಗೆ ನಿಂತಿದ್ದು ನಿಜ ಇರಬಹುದು. ಆದರೆ ಡ್ಯಾಂಪರಿನ ಕೆಲಸ ರಸ್ತೆಯ ಏಟು ಕೈಗೆ ಬರದಂತೆ ತಡೆಯುವುದು. ಒಳಗೆ ಯಾವುದೂ ಸಡಿಲ ಇಲ್ಲದಿದ್ದರೆ ಡ್ಯಾಂಪರ್ ಬಿಚ್ಚಿಟ್ಟರೂ ಗಾಡಿ ಈ ರೀತಿ ಕುಣಿಯಬಾರದು. ಹೊಸ ಡ್ಯಾಂಪರ್ ಆಟವನ್ನು ಮುಚ್ಚಿಡುತ್ತದೆ, ಸರಿಮಾಡುವುದಿಲ್ಲ. ಒಂದು ಭಾನುವಾರ ಬಿಡುವು ಮಾಡಿಕೊಂಡು ನಿಮ್ಮ ಗಾಡಿಗೂ ಈ ಬ್ರೇಕ್ ಪರೀಕ್ಷೆ ಮಾಡಿ, ನಿಮ್ಮ ಮನಸ್ಸಿನ ಸಮಾಧಾನಕ್ಕಾದರೂ.

ಸಕಲೇಶಪುರದಿಂದ

ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ ಸರ್. ನಿನ್ನೆ ಇಡೀ ದಿನ ಇದಕ್ಕೇ ಕೂತೆವು. ತಮ್ಮ ಪಕ್ಕದಲ್ಲಿ ನಡೆದ, ನಾನು ಓಡಿಸಿದೆ.

ಹಬ್ ಫ್ರೀ, 2ಎಚ್: ಟಕ್ ಟಕ್ ಇಲ್ಲ. ಆದರೆ ನಡುಕ ಹಾಗೇ ಇದೆ, 55ರ ಹತ್ತಿರವೇ ಶುರು. ಹಬ್ ಲಾಕ್, 2ಎಚ್: ಹೊಸ ಶಬ್ದ ಏನೂ ಇಲ್ಲ. 60ರ ತನಕ ಹೋಗಿ ಆಕ್ಸಲರೇಟರ್ ಬಿಟ್ಟು ಕೇಳಿದೆವು, ಗುಂಯ್ ಎನ್ನುವುದಿಲ್ಲ. 4ಎಲ್, ಎಡಕ್ಕೆ ಪೂರ್ತಿ: ಟಕ್ ಬಂತು, ಎಡ ಚಕ್ರದಿಂದಲೇ. ತಮ್ಮ ಮೂರು ಸಲ ಎಣಿಸಿದ. ಒಂದು ಸುತ್ತಿಗೆ ಒಂದೇ ಟಕ್. ರಿವರ್ಸಿನಲ್ಲೂ ಒಂದೇ. ಬಲಕ್ಕೆ ತಿರುಗಿಸಿದರೆ ತುಂಬಾ ಮೆಲ್ಲಗೆ ಕೇಳುತ್ತದೆ, ಅದೂ ಎಡ ಚಕ್ರದಿಂದಲೇ.

ಜಾಕಿ: ಎಡ ಚಕ್ರ ಮೇಲೆ ಕೆಳಗೆ ಚೆನ್ನಾಗಿ ಆಡುತ್ತದೆ. ಬ್ರೇಕ್ ಒತ್ತಿದರೂ ಆಡುತ್ತದೆ. ಟಾರ್ಚ್ ಹಾಕಿ ನೋಡಿದರೆ ಆ ದೊಡ್ಡ ಗುಂಡಿನ ಮೇಲೆ ನಕಲ್ ಅಲ್ಲಾಡುವುದು ಕಣ್ಣಿಗೇ ಕಾಣಿಸುತ್ತದೆ. ಬಲ ಚಕ್ರದಲ್ಲಿ ಒಂಚೂರು ಆಟ, ಬ್ರೇಕ್ ಒತ್ತಿದರೆ ಇಲ್ಲ. ಎಡಬಲ ಹಿಡಿದು ಅಲ್ಲಾಡಿಸಿದರೆ ಎರಡೂ ಕಡೆ ಸರಿ ಇದೆ.

ಡಿಫರೆನ್ಷಿಯಲ್ ಎಣ್ಣೆ ತೂತಿಗಿಂತ ಒಂದು ಬೆರಳ ಗೆಣ್ಣಿನಷ್ಟು ಕೆಳಗಿದೆ. ಬಣ್ಣ ಕಪ್ಪು, ಹಾಲಿನಂತಿಲ್ಲ. ಬೆರಳಿಗೆ ನುಣ್ಣಗೆ ಬೂದು ಪೇಸ್ಟ್ ಹತ್ತಿತು, ಚುಚ್ಚುವಂಥದ್ದು ಏನೂ ಸಿಗಲಿಲ್ಲ. ಎಡ ಚಕ್ರದ ಗ್ರೀಸು ಸಾರಿನ ಹಾಗೆ ಹರಿಯುತ್ತದೆ. ವಾಸನೆ ಡಿಫರೆನ್ಷಿಯಲ್ ಎಣ್ಣೆಯದೇ, ಎರಡನ್ನೂ ಪಕ್ಕಪಕ್ಕ ಮೂಸಿ ನೋಡಿದೆ.

ಮೂಡಿಗೆರೆಯಿಂದ

ಬಹಳ ಚೆನ್ನಾಗಿ ಮಾಡಿದ್ದೀರಿ. ನಿಮ್ಮ ತಮ್ಮನಿಗೂ ಹೇಳಿ, ಆ ಎಣಿಕೆ ಇಲ್ಲದಿದ್ದರೆ ನಾನೂ ತಪ್ಪು ದಾರಿಯಲ್ಲಿ ಹೋಗುತ್ತಿದ್ದೆ. ನಿಮ್ಮ ಮೊದಲ ಪ್ರಶ್ನೆ ಓದಿದಾಗ ಎಡ ಬರ್ಫೀಲ್ಡ್ ಹೋಗಿದೆ ಎಂದೇ ಅಂದುಕೊಂಡಿದ್ದೆ.

ಡಿಫರೆನ್ಷಿಯಲ್ ಬದಲಿಸುವ ಮಾತು ಇಲ್ಲಿಗೆ ಬಿಡಿ. ಗುಂಯ್ ಇಲ್ಲ, ಚೂರು ಇಲ್ಲ, ನೀರು ಸೇರಿಲ್ಲ. ನುಣ್ಣನೆಯ ಬೂದು ಪೇಸ್ಟ್ ಈ ವಯಸ್ಸಿಗೆ ಸಹಜ. ಎಣ್ಣೆ ಕಡಿಮೆ ಆಗಿದೆ, ಅದು ಎಲ್ಲಿ ಹೋಗಿದೆ ಎಂದು ನಿಮ್ಮ ಮೂಗೇ ಹೇಳಿತು.

ನಡುಕ: ಹಬ್ ಫ್ರೀ ಇದ್ದಾಗಲೂ ಬರುತ್ತದೆ. ಅಂದರೆ ಶಾಫ್ಟಿಗೂ ಡಿಫರೆನ್ಷಿಯಲ್ಲಿಗೂ ಸಂಬಂಧವಿಲ್ಲ. ಬ್ರೇಕ್ ಒತ್ತಿದರೂ ಆಟ ಉಳಿಯುತ್ತದೆ. ಎಡ ಕಿಂಗ್ ಪಿನ್ ಬೇರಿಂಗ್ ಹೋಗಿದೆ. ಈ ಬೇರಿಂಗ್ ಹಾಳಾಗುವ ರೀತಿಯೇ ಬೇರೆ. ವೀಲ್ ಬೇರಿಂಗಿನ ಹಾಗೆ ಅದು ಸುತ್ತುವುದೇ ಇಲ್ಲ, ಸ್ಟೇರಿಂಗ್ ತಿರುಗಿಸಿದಷ್ಟು ಮಾತ್ರ ಆಚೀಚೆ ಹೋಗುತ್ತದೆ. ಗಾಡಿ ಹೆಚ್ಚು ಹೊತ್ತು ನೆಟ್ಟಗೆ ಓಡುವುದರಿಂದ ಒಂದೇ ಜಾಗದಲ್ಲಿ ಏಟು ಬಿದ್ದು ಬಿದ್ದು ಬೇರಿಂಗಿನ ಕಪ್‌ನಲ್ಲಿ (ಹೊರಬಳೆಯಲ್ಲಿ) ರೋಲರಿನ ಗುರುತು ಕುಳಿಯಾಗಿ ಮೂಡುತ್ತದೆ. ನೀರು ಹೋಗಿ ತುಕ್ಕು ಹಿಡಿದರೆ ಇನ್ನೂ ಬೇಗ.

ರಿಮ್ಮಿನ ಒಳಗೆ ಒಣಗಿದ ಕೆಸರಿದ್ದರೆ ಇವತ್ತೇ ತೊಳೆದುಬಿಡಿ. ನಮ್ಮ ಕಡೆಯ ಕೆಮ್ಮಣ್ಣು ಒಂದು ಕಡೆ ಹತ್ತಿಕೊಂಡರೆ ಚಕ್ರದ ಬ್ಯಾಲೆನ್ಸ್ ಪೂರ್ತಿ ತಪ್ಪುತ್ತದೆ. ಕಿಂಗ್ ಪಿನ್ ಸಡಿಲ ಇದ್ದಾಗ ಅಷ್ಟು ಸಾಕು ಕುಣಿಯಲು. ನನಗೆ ಗೊತ್ತಿರುವ ಒಂದು ಗಾಡಿಗೆ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ್ದರು, ಕೊನೆಗೆ ನೋಡಿದರೆ ಒಂದು ಬೊಗಸೆ ಮಣ್ಣು. ಅಂದ ಹಾಗೆ ಈ ಆಕ್ಸಲಿನಲ್ಲಿ ಮಾಮೂಲಿಯಾಗಿ ಸರಿಮಾಡಲು ಬರುವುದು ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಮುಖ ಮಾಡಿರುವ ದಿಕ್ಕು) ಮಾತ್ರ. ಕ್ಯಾಂಬರ್ (ಚಕ್ರದ ಪಕ್ಕದ ವಾಲು), ಕ್ಯಾಸ್ಟರ್ (ಕಿಂಗ್ ಪಿನ್ನಿನ ಹಿಂದುಮುಂದಿನ ವಾಲು) ಎರಡೂ ಹೌಸಿಂಗಿನಲ್ಲೇ ಕೂತಿವೆ. ಹಿಂದಿನ ಮಾಲೀಕರು ಎತ್ತರಕ್ಕೆ ಎಂದು ಉದ್ದದ ಶಾಕಲ್ (ಲೀಫ್ ಸ್ಪ್ರಿಂಗಿನ ತುದಿ ಹಿಡಿಯುವ ಪಟ್ಟಿ) ಹಾಕಿಸಿದ್ದರೆ ಕ್ಯಾಸ್ಟರ್ ಕಡಿಮೆಯಾಗಿ ನಡುಕ ಇನ್ನೂ ಜಾಸ್ತಿ ಆಗುತ್ತದೆ. ಶಾಕಲ್ ನೋಡಿ ಹೇಳಿ.

ಗ್ರೀಸು: ನಕಲಿನ ಒಳಗೆ ಇರಬೇಕಾದ್ದು ಗಟ್ಟಿ ಗ್ರೀಸು. ಡಿಫರೆನ್ಷಿಯಲ್ ಎಣ್ಣೆ ಅಲ್ಲಿಗೆ ಬರದಂತೆ ಆಕ್ಸಲ್ ಟ್ಯೂಬಿನ ಕೊನೆಯಲ್ಲಿ, ಆ ದೊಡ್ಡ ಗುಂಡಿನ ಒಳಗೆ, ಒಂದು ಚಿಕ್ಕ ಆಯಿಲ್ ಸೀಲ್ ಇದೆ. ಅದು ಹೋಗಿದೆ. ಎಣ್ಣೆ ಹರಿದು ಬಂದು ಗ್ರೀಸು ತೆಳುವಾಗಿ, ಹೊರಗಿನ ದೊಡ್ಡ ಸೀಲ್ ದಾಟಿ ಇಳಿಯುತ್ತಿದೆ. ಹೊರಗಿನ ಸೀಲ್ ಒಂದನ್ನೇ ಹಾಕಿ ಕಳಿಸುವ ಮೇಸ್ತ್ರಿಗಳಿದ್ದಾರೆ. ಅದು ಗಟ್ಟಿ ಗ್ರೀಸು ತಡೆಯಲು ಇರುವ ಸೀಲ್, ತೆಳು ಎಣ್ಣೆ ತಡೆಯುವುದಿಲ್ಲ. ಎರಡು ತಿಂಗಳಿಗೆ ಮತ್ತೆ ಸೋರುತ್ತದೆ.

ಇದರ ಜೊತೆಗೆ ಆಕ್ಸಲ್ ಮೇಲಿರುವ ಚಿಕ್ಕ ಬ್ರೀದರ್ (ಗಾಳಿ ಆಡುವ ತೂತು) ಬಿಚ್ಚಿ ಬಾಯಿಂದ ಊದಿ ನೋಡಿ. ಗಾಡಿ ಓಡಿದಾಗ ಆಕ್ಸಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಬ್ರೀದರ್ ಕಟ್ಟಿದ್ದರೆ ಆ ಒತ್ತಡ ಎಣ್ಣೆಯನ್ನು ಸೀಲಿನಿಂದ ಹೊರಗೆ ದಬ್ಬುತ್ತದೆ. ಹಾಗೇ ಬಿಸಿ ಗಾಡಿ ತಣ್ಣಗಿನ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ದಿನಾ ಹಳ್ಳ ದಾಟುವ ನಿಮಗೆ ಇದು ಎಲ್ಲಕ್ಕಿಂತ ಮುಖ್ಯ.

ಇನ್ನು ಟಕ್. ಬರ್ಫೀಲ್ಡ್ ಒಳಗೆ ಆರು ಗುಂಡು ಒಂದು ಕೇಜಿನಲ್ಲಿ ಕೂತಿರುತ್ತವೆ. ಅದು ಸವೆದರೆ ಭಾರ ಒಂದು ಗುಂಡಿನಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲಾ ಬಡಿಯುತ್ತದೆ. ಸುತ್ತಿಗೆ ಹಲವು ಸಲ, ಕಟಕಟಕಟ ಎಂದು ಸಾಲಾಗಿ ಬರುತ್ತದೆ. ನಿಮ್ಮದು ಸುತ್ತಿಗೆ ಒಂದೇ. ಒಂದೇ ಒಂದು ಗುಂಡಿನ ಹಾದಿ ಒಡೆದಿದ್ದರೂ ಹೀಗಾಗಬಹುದು, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅದಕ್ಕಿಂತ ಮೊದಲು ನೋಡಬೇಕಾದ, ಐದು ನಿಮಿಷದ ಕೆಲಸ ಒಂದಿದೆ. ಎಡ ಫ್ರೀ ವೀಲ್ ಹಬ್ಬಿನ ಮುಚ್ಚಳ ಬಿಚ್ಚಿ. ಹಬ್ಬನ್ನು ಹಿಡಿದಿರುವ ಬೋಲ್ಟುಗಳು ಬಿಗಿ ಇವೆಯಾ ನೋಡಿ. ಮಧ್ಯದಲ್ಲಿ ಶಾಫ್ಟಿನ ತುದಿ ಕಾಣುತ್ತದೆ, ಅದರ ಕಚ್ಚಿನಲ್ಲಿ ಒಂದು ಸರ್ಕ್ಲಿಪ್ (ಶಾಫ್ಟು ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ) ಇರಬೇಕು. ಇದೆಯಾ ಹೇಳಿ.

ಬೆಂಗಳೂರಿನಿಂದ

ಮಧ್ಯದಲ್ಲಿ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು 2012ರ ಥಾರ್. ಈ ಬ್ರೇಕ್ ಪರೀಕ್ಷೆ ನನಗೂ ಉಪಯೋಗಕ್ಕೆ ಬರುತ್ತಾ? ಗೆಳೆಯನ ಹತ್ತಿರ ಹೊಸ ಜಿಮ್ನಿ ಇದೆ, ಅವನೂ ಕೇಳುತ್ತಿದ್ದಾನೆ.

ಮೂಡಿಗೆರೆಯಿಂದ

ಬರುತ್ತದೆ, ಆದರೆ ಉತ್ತರ ಬೇರೆ. 2010ರಲ್ಲಿ ಬಂದ ಆ ಥಾರಿನ ಸಿಆರ್‌ಡಿಇ ಎಂಜಿನ್ ಮಾದರಿಯಲ್ಲಿ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಟಾರ್ಷನ್ ಬಾರ್ ಇದೆ. ಕಿಂಗ್ ಪಿನ್ ಇಲ್ಲ. ಬ್ರೇಕ್ ಒತ್ತಿದ ಮೇಲೂ ಆಟ ಉಳಿದರೆ ನೀವು ಬಾಲ್ ಜಾಯಿಂಟ್, ಆರ್ಮ್ ಬುಷ್ ನೋಡಬೇಕು. ಗ್ರೀಸಿನ ವಿಷಯದಲ್ಲಿ ಶಾಫ್ಟಿನ ರಬ್ಬರ್ ಬೂಟ್ ಹರಿದಿದೆಯಾ ನೋಡಿ, ಹರಿದರೆ ರಿಮ್ಮಿನ ಒಳಗೆಲ್ಲಾ ಗ್ರೀಸು ಎರಚಿರುತ್ತದೆ. ಜಿಮ್ನಿ ಭಾರತಕ್ಕೆ 2023ರಲ್ಲಿ ಬಂದದ್ದಾದರೂ ಮುಂದೆ ಗಟ್ಟಿ ಆಕ್ಸಲ್, ಕಿಂಗ್ ಪಿನ್ ಎಲ್ಲಾ ಇದೇ ಕುಟುಂಬ. ಅದರಲ್ಲಿ ಹಬ್ ಕೈಯಲ್ಲಿ ತಿರುಗಿಸುವುದಲ್ಲ, ವ್ಯಾಕ್ಯೂಮಿನಿಂದ ಹಿಡಿಯುತ್ತದೆ. ಹಾಗಾಗಿ ಫೋರ್ ವೀಲ್ ಹಿಡಿಯದಿದ್ದರೆ ಮೊದಲು ಪೈಪುಗಳನ್ನು ನೋಡಿ.

ಸಕಲೇಶಪುರದಿಂದ

ಸರ್, ಸರ್ಕ್ಲಿಪ್ ಇಲ್ಲ! ಎಡಗಡೆ ಕಚ್ಚು ಖಾಲಿ ಇದೆ. ಬಲಗಡೆ ಬಿಚ್ಚಿ ನೋಡಿದೆ, ಅಲ್ಲಿ ಇದೆ. ಹಬ್ ಬೋಲ್ಟುಗಳಲ್ಲಿ ಎರಡು ಕೈಯಲ್ಲೇ ತಿರುಗುತ್ತಿದ್ದವು. ಶಾಫ್ಟಿನ ತುದಿ ಹಿಡಿದು ಎಳೆದರೆ ಒಳಗೆ ಹೊರಗೆ ಜಾರುತ್ತದೆ, ಬಲಗಡೆಯದಕ್ಕಿಂತ ಎಷ್ಟೋ ಜಾಸ್ತಿ. ಹಳೇ ಮಾಲೀಕರಿಗೆ ಫೋನ್ ಮಾಡಿದೆ. ಎರಡು ವರ್ಷದ ಹಿಂದೆ ಎಡ ವೀಲ್ ಬೇರಿಂಗ್ ಮಾಡಿಸಿದ್ದರಂತೆ. ಆಗ ಹಾಕಲು ಮರೆತಿರಬೇಕು.

ಬ್ರೀದರ್ ಪೂರ್ತಿ ಕಟ್ಟಿತ್ತು. ಮಣ್ಣಿನ ಗೂಡು ಕಟ್ಟುವ ಕಣಜ ಅದರ ತುದಿಯಲ್ಲೇ ಗೂಡು ಮಾಡಿದೆ. ಶಾಕಲ್ ಕಂಪನಿಯದೇ, ಉದ್ದ ಮಾಡಿಲ್ಲ. ರಿಮ್ಮಿನಲ್ಲಿ ಕೆಸರಿತ್ತು, ತೊಳೆದೆ. ನಡುಕ ಈಗ 55ರ ಬದಲು 65ರ ಹತ್ತಿರ ಬರುತ್ತದೆ.

ಇದನ್ನು ನಾನೇ ಬಿಚ್ಚಬಹುದಾ? ಟ್ರ್ಯಾಕ್ಟರ್, ಪಂಪ್ ಸೆಟ್ ಕೆಲಸ ಮಾಡಿ ಅಭ್ಯಾಸ ಇದೆ.

ಮೂಡಿಗೆರೆಯಿಂದ

ಹಾಗಾದರೆ ಮೂರೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಸರ್ಕ್ಲಿಪ್ ಇಲ್ಲದೆ ಶಾಫ್ಟು ಒಳಗೆ ಹೊರಗೆ ಜಾರಿ, ಚಕ್ರ ಮೂಲೆಗೆ ತಿರುಗಿ ಭಾರ ಬಿದ್ದಾಗ ಬಡಿಯುತ್ತಿತ್ತು. ಅದೇ ಜಾರುವಿಕೆ ಒಳಗಿನ ಸೀಲಿನ ತುಟಿಯನ್ನು ಎರಡು ವರ್ಷ ಉಜ್ಜಿದೆ. ಕಟ್ಟಿದ ಬ್ರೀದರ್ ಎಣ್ಣೆಯನ್ನು ಹೊರಗೆ ದಬ್ಬಿದೆ, ಹಳ್ಳದ ನೀರನ್ನು ಒಳಗೆ ಕರೆದಿದೆ, ಕಿಂಗ್ ಪಿನ್ ಬೇರಿಂಗಿಗೆ ಅದು ಸಾಕಾಯಿತು. ಮೊದಲು ಕಾರಣ ಒಂದೇ ಇರಬೇಕಿಲ್ಲ ಎಂದು ಬರೆದಿದ್ದೆ. ಇಲ್ಲಿ ಎರಡು ಚಿಕ್ಕ ಕಾರಣ ಸೇರಿ ಮೂರು ತೊಂದರೆ ಮಾಡಿವೆ.

ಪಂಪ್ ಬಿಚ್ಚಿ ಕಟ್ಟುವವರಿಗೆ ಇದು ಖಂಡಿತ ಆಗುತ್ತದೆ. ಎರಡು ದಿನ ಇಟ್ಟುಕೊಳ್ಳಿ. ಎಡಗಡೆಗೆ ಬೇಕಾದ್ದು: ಕಿಂಗ್ ಪಿನ್ ಬೇರಿಂಗ್ ಮೇಲೊಂದು ಕೆಳಗೊಂದು, ಕಪ್ ಸಮೇತ. ಒಳಗಿನ ಆಯಿಲ್ ಸೀಲ್. ಗುಂಡಿನ ದೊಡ್ಡ ಸೀಲ್ ಸೆಟ್. ಸ್ಪಿಂಡಲ್ ಗ್ಯಾಸ್ಕೆಟ್, ಲಾಕ್ ವಾಷರ್, ಸರ್ಕ್ಲಿಪ್. ಬರ್ಫೀಲ್ಡ್ ಈಗ ಕೊಳ್ಳಬೇಡಿ.

ಬಿಚ್ಚುವಾಗ ನಾನು ಒತ್ತಿ ಹೇಳುವುದು ಮೂರು ನಾಲ್ಕು ಜಾಗ ಮಾತ್ರ. ಬ್ರೇಕ್ ಕ್ಯಾಲಿಪರನ್ನು ತಂತಿಯಲ್ಲಿ ಮೇಲಕ್ಕೆ ಕಟ್ಟಿ, ಹೋಸ್ ಪೈಪಿನಲ್ಲಿ ನೇತು ಬಿಡಬೇಡಿ. ಕಿಂಗ್ ಪಿನ್ ಕೆಳಗಿನ ತೆಳು ಶಿಮ್ಮುಗಳನ್ನು (ಎತ್ತರ, ಬಿಗಿ ಹೊಂದಿಸುವ ಲೋಹದ ಹಾಳೆಗಳನ್ನು) ಮೇಲಿನದು ಒಂದು ಲಕೋಟೆ, ಕೆಳಗಿನದು ಒಂದು ಲಕೋಟೆ ಮಾಡಿ ಹೆಸರು ಬರೆದಿಡಿ. ಅವು ಬೆರೆತರೆ ನಕಲ್ ಕೂರುವ ಎತ್ತರವೇ ತಪ್ಪುತ್ತದೆ. ಶಾಫ್ಟ್ ಹೊರಗೆ ಬಂದ ಮೇಲೆ ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆದು, ಬಗ್ಗಿಸಿ ಒಂದೊಂದೇ ಗುಂಡನ್ನು ನೋಡಿ. ಗುಂಡಿನಲ್ಲಿ ಕುಳಿ, ಕೇಜಿನಲ್ಲಿ ಬಿರುಕು ಇದ್ದರೆ ಮಾತ್ರ ಬದಲಿಸಬೇಕು. ಹೊಳಪಿನ ಗೆರೆ ಇದ್ದರೆ ಪರವಾಗಿಲ್ಲ.

ಆ ದೊಡ್ಡ ಗುಂಡಿನ ಮೇಲೆ ತುಕ್ಕಿನ ಕುಳಿಗಳಿದ್ದರೆ ಸಣ್ಣ ಎಮರಿಯಲ್ಲಿ ನುಣುಪು ಮಾಡಿ. ಇಲ್ಲದಿದ್ದರೆ ಹೊಸ ಸೀಲನ್ನು ಅದೇ ಹರಿದುಹಾಕುತ್ತದೆ.

ಕಟ್ಟುವಾಗ ಅತಿ ಹೆಚ್ಚು ಜನ ತಪ್ಪು ಮಾಡುವುದು ಎರಡು ಕಡೆ. ಒಂದು, ಒಳಗಿನ ಸೀಲ್ ಹಾಕಿ ಆದಮೇಲೆ ಶಾಫ್ಟ್ ತೂರಿಸುವಾಗ. ಶಾಫ್ಟಿನ ಹಲ್ಲು ಸೀಲಿನ ತುಟಿಗೆ ತಾಗಿ ಎಳೆದರೆ ಹೊಸ ಸೀಲ್ ಅವತ್ತೇ ಮುಗಿಯಿತು. ತುಟಿಗೆ ಗ್ರೀಸು ಹಚ್ಚಿ, ಶಾಫ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಸೀಲಿನ ಮೇಲೆ ಭಾರ ಬೀಳದಂತೆ ಮೆಲ್ಲಗೆ ತಳ್ಳಿ. ಡಿಫರೆನ್ಷಿಯಲ್ ಹಲ್ಲು ಹಿಡಿಯಲು ಸ್ವಲ್ಪ ತಿರುಗಿಸಬೇಕಾಗುತ್ತದೆ, ಬಲ ಬೇಡ. ಬಲ ಬೇಕು ಅನಿಸಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಎರಡು, ಕಿಂಗ್ ಪಿನ್ ಬಿಗಿ. ಇದನ್ನು ಕೈ ಅಂದಾಜಿನಲ್ಲಿ ಬಿಡಬೇಡಿ. ದೊಡ್ಡ ಸೀಲ್ ಇನ್ನೂ ಹಾಕದೆ, ಟೈ ರಾಡ್ ಬಿಚ್ಚಿಟ್ಟು, ನಕಲಿನ ಟೈ ರಾಡ್ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಮೀನು ತೂಗುವ ಚಿಕ್ಕದೇ ಸಾಕು. ನಕಲ್ ಚಲಿಸಲು ಶುರುವಾಗುವಾಗ 1ರಿಂದ 1.8 ಕೆ.ಜಿ. ತೋರಿಸಬೇಕು. ನಾನು 1.5ರ ಹತ್ತಿರ ಇಡುತ್ತೇನೆ. ಕಡಿಮೆ ಇದ್ದರೆ ಒಂದು ಶಿಮ್ ತೆಗೆಯಿರಿ, ಜಾಸ್ತಿ ಇದ್ದರೆ ಸೇರಿಸಿ. ಬಿಗಿ ಜಾಸ್ತಿ ಮಾಡಿದರೆ ನಡುಕ ನಿಲ್ಲುತ್ತದೆ, ಆದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೆಟ್ಟಗಾಗುವುದಿಲ್ಲ. ಬೇರಿಂಗೂ ಬೇಗ ಹೋಗುತ್ತದೆ.

ಬಲಗಡೆ ವೀಲ್ ಬೇರಿಂಗ್ ಒಂಚೂರು ಸಡಿಲ ಅಷ್ಟೇ. ಬಿಗಿ ಮಾಡಿ, ಲಾಕ್ ವಾಷರಿನ ಕಿವಿ ಮಡಚಿ. ಹತ್ತು ಕಿ.ಮೀ. ಓಡಿಸಿ ಹಬ್ಬಿಗೆ ಅಂಗೈ ಹಿಂಭಾಗ ತಾಗಿಸಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಬಿಗಿ ಜಾಸ್ತಿಯಾಗಿದೆ. ಡಿಸ್ಕ್ ಮುಟ್ಟಬೇಡಿ, ಅದು ಸುಡುತ್ತದೆ.

ಬ್ರೀದರಿಗೆ ಪೆಟ್ರೋಲ್ ಪೈಪಿನಂಥ ಉದ್ದದ ರಬ್ಬರ್ ಪೈಪು ಸಿಕ್ಕಿಸಿ, ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿ, ತುದಿ ಕೆಳಗೆ ಮುಖ ಮಾಡಿ. ಹಳ್ಳದ ನೀರೂ ಬರುವುದಿಲ್ಲ, ಕಣಜವೂ ಬರುವುದಿಲ್ಲ.

ಸಕಲೇಶಪುರದಿಂದ

ಶನಿವಾರ ಭಾನುವಾರ ಎರಡು ದಿನ ಹಿಡಿಯಿತು. ಸಾಮಾನು ಹಾಸನದಲ್ಲಿ ಸಿಕ್ಕಿತು, ದೊಡ್ಡ ಸೀಲ್ ಸೆಟ್ ಮಾತ್ರ ಬೆಂಗಳೂರಿನಿಂದ ತರಿಸಬೇಕಾಯಿತು.

ಕೆಳಗಿನ ಕಿಂಗ್ ಪಿನ್ ಬೇರಿಂಗ್ ಪೂರ್ತಿ ತುಕ್ಕು. ಕಪ್‌ನಲ್ಲಿ ನೀವು ಹೇಳಿದ ಹಾಗೇ ರೋಲರಿನ ಕುಳಿಗಳು ಸಾಲಾಗಿ ಇದ್ದವು, ಉಗುರಿಗೆ ಸಿಗುವಷ್ಟು. ಮೇಲಿನದು ಪರವಾಗಿರಲಿಲ್ಲ, ಆದರೂ ಬದಲಿಸಿದೆ. ಒಳಗಿನ ಸೀಲಿನ ತುಟಿ ಗಟ್ಟಿಯಾಗಿ ಒಂದು ಕಡೆ ಸವೆದು ಹೋಗಿತ್ತು. ಬರ್ಫೀಲ್ಡ್ ತೊಳೆದು ನೋಡಿದೆ. ಆರೂ ಗುಂಡು ನುಣುಪಾಗಿವೆ, ಕೇಜಿನಲ್ಲಿ ಬಿರುಕಿಲ್ಲ. ಅದನ್ನೇ ಹೊಸ ಗ್ರೀಸು ತುಂಬಿ ಹಾಕಿದೆ.

ತಕ್ಕಡಿಯಲ್ಲಿ ಮೊದಲ ಸಲ 0.6 ಕೆ.ಜಿ. ಬಂತು. ಒಂದು ಶಿಮ್ ತೆಗೆದ ಮೇಲೆ 1.4. ಅಲ್ಲಿಗೇ ಬಿಟ್ಟೆ. ಡಿಫರೆನ್ಷಿಯಲ್ಲಿಗೆ ಹೊಸ 80ಡಬ್ಲ್ಯೂ-90 ಎಣ್ಣೆ, ತೂತಿನ ಅಂಚಿನ ತನಕ. ಮೇಲಿನ ಬೋಲ್ಟನ್ನೇ ಮೊದಲು ಬಿಚ್ಚಿದೆ.

ಇವತ್ತು ಬೆಳಿಗ್ಗೆ ಹಾಸನಕ್ಕೆ ಹೋಗಿ ಬಂದೆ. ಡ್ಯಾಂಪರ್ ಹಳೆಯದೇ ಇದೆ. 80ರಲ್ಲಿ ಬೇಕೆಂದೇ ರಸ್ತೆಯ ಜೋಡಣೆ ಹಾರಿಸಿದೆ, ಸ್ಟೇರಿಂಗ್ ಒಮ್ಮೆ ಅಲುಗಿ ಸುಮ್ಮನಾಯಿತು. ಮಧ್ಯಾಹ್ನ ತೋಟದ ಏರಿನಲ್ಲಿ 4ಎಲ್ ಹಾಕಿ ಎಡಕ್ಕೆ ಪೂರ್ತಿ ತಿರುಗಿಸಿ ಹತ್ತಿಸಿದೆ. ತಮ್ಮ ಪಕ್ಕದಲ್ಲಿ ನಡೆದ. ಒಂದೂ ಟಕ್ ಇಲ್ಲ. ಮನೆಯವರು ನಾಳೆ ಜೊತೆಗೆ ಬರುತ್ತೇನೆ ಎಂದಿದ್ದಾರೆ. ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ ಸರ್.

ಮಡಿಕೇರಿಯಿಂದ

ನಾನೂ ಇವತ್ತು ಜಾಕಿ ಹಾಕಿ ನೋಡಿದೆ. ಬಲಗಡೆ ಬ್ರೇಕ್ ಒತ್ತಿದರೂ ಆಟ ಇದೆ. ಮುಂದಿನ ವಾರ ಬಿಚ್ಚುತ್ತೇನೆ. ಶಿಮ್ ಲೆಕ್ಕ ಇಲ್ಲೇ ಕೇಳುತ್ತೇನೆ.

ಮೂಡಿಗೆರೆಯಿಂದ

ಓದಿ ತುಂಬಾ ಸಂತೋಷವಾಯಿತು. ಸಕಲೇಶಪುರದವರೇ, 500 ಕಿ.ಮೀ. ಆದಮೇಲೆ ಕಿಂಗ್ ಪಿನ್ ಬೋಲ್ಟು, ಹಬ್ ಬೋಲ್ಟು ಎರಡನ್ನೂ ಒಮ್ಮೆ ಬಿಗಿ ನೋಡಿ. ಹೊಸ ಬೇರಿಂಗ್ ಕೂತುಕೊಂಡು ಸ್ವಲ್ಪ ಸಡಿಲ ಆಗುತ್ತದೆ. ಎಡಗಡೆಯ ಆ ದೊಡ್ಡ ಗುಂಡಿನ ಮೇಲೆ ಮೊದಲ ವಾರ ತೆಳ್ಳಗೆ ಗ್ರೀಸಿನ ಪೊರೆ ಕಾಣಿಸಬಹುದು, ಅದು ಸೋರಿಕೆ ಅಲ್ಲ, ಬಟ್ಟೆಯಲ್ಲಿ ಒರೆಸಿ. ಮತ್ತೆ ತೊಟ್ಟಿಕ್ಕಿದರೆ ಮಾತ್ರ ಮೂಸಿ ನೋಡಿ ಬರೆಯಿರಿ. ಮಡಿಕೇರಿಯವರೇ, ಬಿಚ್ಚುವ ಮೊದಲು ಆ ಎರಡು ಲಕೋಟೆ ಮರೆಯಬೇಡಿ.